ಬಸಲಿಂಗ ಪರೀಕ್ಷಿಸಿದ ಸಾಫ್ಟ್‌ವೇರ್

ಬಸಲಿಂಗ ಯಾರಿಗೂ ಏನನ್ನೂ ಕೊಡದ ಮನುಷ್ಯ. ಹಣದ ಮಾತಲ್ಲ, ಚಹಾ ಕುಡಿಸುವಷ್ಟು ಧಾರಾಳ ಅವನಲ್ಲಿತ್ತು. ತನಗೆ ತಿಳಿದದ್ದನ್ನು ಮಾತ್ರ ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ.

ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನು ಪ್ರತಿ ಮಂಗಳವಾರ ಪೀಣ್ಯದ ಒಂದು ವಾಲ್ವ್ ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿನ ಪರೀಕ್ಷೆಗಳ ಅಂಕಿಅಂಶ ನೋಡಿ ಎಲ್ಲಿ ತಪ್ಪಿದೆ ಎಂದು ಹೇಳುವುದು ನನ್ನ ಕೆಲಸ. ಅಲ್ಲಿ ಪ್ರತಿ ವಾಲ್ವನ್ನೂ ನೀರಿನ ಒತ್ತಡಕ್ಕೆ ಒಡ್ಡಿ ಅದಕ್ಕೊಂದು ಸರ್ಟಿಫಿಕೇಟ್ ಮಾಡಬೇಕು. ಅದಿಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಆ ಸರ್ಟಿಫಿಕೇಟುಗಳನ್ನು ತಯಾರಿಸುವ ಎಕ್ಸೆಲ್ ಫೈಲನ್ನು ಬಸಲಿಂಗ ತಾನೇ ಕಲಿತು, ತಾನೇ ಕಟ್ಟಿದ್ದ. ಒಂದು ಗುಂಡಿ ಒತ್ತಿದರೆ ನೂರು ಸರ್ಟಿಫಿಕೇಟ್ ಬರುತ್ತಿದ್ದವು. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ.

ಪಕ್ಕದ ಮೇಜಿನ ಶಿವಗಂಗಾ ಒಮ್ಮೆ ಅವನಿಗೆ ಕೇಳುವಂತೆಯೇ ನನಗೆ ಹೇಳಿದಳು: "ಪಾಸ್‌ವರ್ಡ್ ಕೇಳಿದ್ರೆ ಆಸ್ತೀಲಿ ಪಾಲು ಕೇಳ್ದಂಗೆ ನೋಡ್ತಾರೆ ಮೇಡಂ."

"ಆಸ್ತಿ ಇದ್ದಿದ್ರ ನಿಮ್ಮ ಬಾಜೂಕ ಯಾಕ ಕೂಡತಿದ್ದೆ ಬಿಡ್ರಿ" ಎಂದ ಬಸಲಿಂಗ, ತಲೆ ಎತ್ತದೆ.

ಅವನು ಮುಧೋಳದ ಕಡೆಯವನು. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮಾದನಾಯಕನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ. ಮಧ್ಯಾಹ್ನ ಖಾನಾವಳಿಯಿಂದ ತಂದ ರೊಟ್ಟಿಯನ್ನು ಕಂಪ್ಯೂಟರಿನ ಮುಂದೆಯೇ ತಿನ್ನುತ್ತಿದ್ದ. ಭಾನುವಾರವೂ ಕಾರ್ಖಾನೆಗೆ ಬರುತ್ತಾನೆಂದು ವಾಚ್‌ಮನ್ ಹೇಳಿದ್ದ. ಕೇಳಿದರೆ "ಕೋಣ್ಯಾಗ ಏನೈತ್ರಿ" ಎಂದ.

ಈ ಬಿಗಿಗೆ ಕಾರಣವಿತ್ತು, ಅದನ್ನೂ ಒಮ್ಮೆ ಹೇಳಿದ. ಹಿಂದಿನ ಕಾರ್ಖಾನೆಯಲ್ಲಿ ಇಬ್ಬರು ಹೊಸಬರಿಗೆ ಎಂಟು ತಿಂಗಳು ಕೂತು ಕೆಲಸ ಕಲಿಸಿದ. ಒಂಬತ್ತನೆಯ ತಿಂಗಳು ಅವರನ್ನು ಉಳಿಸಿಕೊಂಡು ಇವನನ್ನು ಮನೆಗೆ ಕಳಿಸಿದರು. ಕಾರಣ ಸರಿಯಿದೆ ಎಂದ ಮಾತ್ರಕ್ಕೆ ಗುಣ ಬದಲಾಗುವುದಿಲ್ಲ ಎಂದೇ ನಾನು ತಿಳಿದಿದ್ದೆ.

೨೦೧೦ರಲ್ಲಿ ದೊಡ್ಡ ಗಿರಾಕಿಯೊಬ್ಬರ ಆಡಿಟ್‌ನವರು ಬಂದು, ಎಕ್ಸೆಲ್ ಇರುವ ಆಫೀಸ್ ಸಾಫ್ಟ್‌ವೇರಿನ ಲೈಸೆನ್ಸ್ ತೋರಿಸಿ ಎಂದರು. ಇಪ್ಪತ್ತೆರಡು ಕಂಪ್ಯೂಟರಿಗೆ ಮೂರು ಲೈಸೆನ್ಸ್ ಇತ್ತು. ಮಾಲೀಕ ಶೇಖರಪ್ಪ ನನ್ನನ್ನು ಕರೆಸಿದರು. ಎಲ್ಲಕ್ಕೂ ಲೈಸೆನ್ಸ್ ಕೊಳ್ಳಿ, ಇಲ್ಲವೇ ಅದೇ ಕೆಲಸ ಮಾಡುವ, ಪುಕ್ಕಟೆ ಸಿಗುವ ಓಪನ್ ಆಫೀಸ್ ಹಾಕಿ, ಮೊದಲು ಎರಡನ್ನೂ ಹೋಲಿಸಿ ನೋಡಿ ಎಂದೆ.

"ಹೋಲಿಸೋಕೆ ನಮ್ಮಲ್ಲಿ ಬಸಲಿಂಗನ್ನ ಬಿಟ್ರೆ ಯಾರಿದ್ದಾರೆ ಮೇಡಂ? ಆದ್ರೆ ಪುಕ್ಕಟೆದು ಬಂದ್ರೆ ಅವನ ಗುಂಡಿ ಕೆಲಸ ಮಾಡಲ್ವಂತೆ. ತನ್ನ ಕುರ್ಚಿಗೆ ತಾನೇ ಗರಗಸ ಹಾಕ್ತಾನಾ?"

ಹಾಕುವುದಿಲ್ಲ ಎಂದೇ ನಾನೂ ಎಣಿಸಿದೆ. ಗುಂಡಿ ಹೋದರೆ ಹೊಸದನ್ನು ಹೊರಗಿನವರು ಯಾರಿಂದಲಾದರೂ ಕಟ್ಟಿಸಬಹುದು. ಆ ಫೈಲು ಬಿಟ್ಟರೆ ಕಾರ್ಖಾನೆಗೆ ಅವನ ಅಗತ್ಯವಿರಲಿಲ್ಲ.

ಬಸಲಿಂಗ ಸಾಫ್ಟ್‌ವೇರನ್ನು ವಾಲ್ವಿನಂತೆಯೇ ಪರೀಕ್ಷಿಸಿದ. ಹಳೆಯ ಐವತ್ತು ಫೈಲುಗಳನ್ನು ಆರಿಸಿ, ಪ್ರತಿಯೊಂದನ್ನೂ ಎರಡರಲ್ಲೂ ತೆರೆದು ಮುದ್ರಿಸಿದ. ಎರಡು ಹಾಳೆಗಳನ್ನು ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದು, ಗೆರೆ ಎಲ್ಲಿ ಸರಿದಿದೆ ಎಂದು ನೋಡಿದ. ಆಮೇಲೆ ಆ ಹಾಳೆಗಳಿಗೆ, ವಾಲ್ವಿಗೆ ಕಟ್ಟುವಂಥ ತಪಾಸಣೆ ವಿಭಾಗದ ಚೀಟಿಗಳನ್ನು ಕಟ್ಟಿದ. ಪಾಸಾದದ್ದಕ್ಕೆ ಹಸಿರು, ತಿದ್ದಿದರೆ ಸರಿಹೋಗುವುದಕ್ಕೆ ಹಳದಿ, ತಿರಸ್ಕಾರಕ್ಕೆ ಕೆಂಪು. ಆಫೀಸಿನವರು ನಕ್ಕರು. ಹದಿನೈದು ದಿನದ ಮೇಲೆ ಎರಡು ಪುಟದ ವರದಿ ಕೊಟ್ಟ. ನಲವತ್ತೊಂದು ಹಸಿರು, ಎಂಟು ಹಳದಿ, ಒಂದು ಕೆಂಪು. ಕೆಂಪು ಅವನದೇ ಫೈಲು. ಕೊನೆಯ ಸಾಲು ಹೀಗಿತ್ತು: "ಒಂದು ಫೈಲಿಗಾಗಿ ಹತ್ತೊಂಬತ್ತು ಲೈಸೆನ್ಸ್ ಕೊಳ್ಳುವುದು ತಪ್ಪು. ಓಪನ್ ಆಫೀಸ್ ಸಾಕು."

ಇದು ಪ್ರಾಮಾಣಿಕತೆ. ಅವನು ಸುಳ್ಳ ಎಂದು ನಾನು ಎಂದೂ ಹೇಳಿರಲಿಲ್ಲ.

ಶೇಖರಪ್ಪ ಎರಡು ತಿಂಗಳ ಗಡುವು ಕೊಟ್ಟು ಹೊಸ ಫೈಲನ್ನೂ ಅವನಿಗೇ ಒಪ್ಪಿಸಿದರು. ಅದು ಸುಲಭವಿರಲಿಲ್ಲ. ಸಿಕ್ಕಿಹಾಕಿಕೊಂಡಾಗ ಇಂಟರ್‌ನೆಟ್ಟಿನಲ್ಲಿ ಬಳಕೆದಾರರ ಗುಂಪೊಂದಕ್ಕೆ ಪ್ರಶ್ನೆ ಬರೆದ. ಮರುದಿನವೇ ಉತ್ತರ ಬಂತು. ಆಮೇಲೂ ಬರುತ್ತಲೇ ಇತ್ತು, ಹೆಚ್ಚಾಗಿ ಒಬ್ಬನೇ ಅಪರಿಚಿತನಿಂದ.

"ಇಂವಗ ಏನ್ ಬೇಕಾಗಿರಬೇಕ್ರಿ ಮೇಡಂ?" ಎಂದು ನನ್ನನ್ನು ಕೇಳಿದ.

"ಅವನನ್ನೇ ಕೇಳು."

ಕೇಳಿಯೂಬಿಟ್ಟ. ಬಂದ ಉತ್ತರವನ್ನು ಮುದ್ರಿಸಿ ನನಗೆ ತೋರಿಸಿದ. ಏನೂ ಬೇಡ, ನಮ್ಮ ಊರಿನಲ್ಲಿ ಈ ವಿಷಯ ಮಾತಾಡುವವರು ಯಾರೂ ಇಲ್ಲ, ನೀವು ಪ್ರಶ್ನೆ ಕೇಳಿದ ದಿನ ನನ್ನ ಸಂಜೆ ಬೇಗ ಕಳೆಯುತ್ತದೆ ಎಂದು ಆ ಮನುಷ್ಯ ಇಂಗ್ಲಿಷಿನಲ್ಲಿ ಬರೆದಿದ್ದ. ನಾನು ಓದಿ ಹಿಂದಿರುಗಿಸಿದೆ. ಬಸಲಿಂಗ ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಗಡುವಿಗೆ ಮೊದಲೇ ಹೊಸ ಫೈಲು ಸಿದ್ಧವಾಯಿತು. ಅದಕ್ಕೂ ಪಾಸ್‌ವರ್ಡ್ ಹಾಕಿದ. ನನಗೆ ಆಶ್ಚರ್ಯವಾಗಲಿಲ್ಲ.

ಅದರ ಮುಂದಿನ ಮಂಗಳವಾರ ನಾನು ಅಲ್ಲಿದ್ದಾಗ ಹೊಸ ಫೈಲಿನ ಸರ್ಟಿಫಿಕೇಟುಗಳೊಂದಿಗೆ ಮೊದಲ ಸಲ ಮಾಲು ಹೋಗಬೇಕಿತ್ತು. ಲಾರಿ ಗೇಟಿನಲ್ಲಿ ನಿಂತಿತ್ತು. ನೂರ ನಲವತ್ತು ವಾಲ್ವ್. ಬಸಲಿಂಗ ಪಾಸ್‌ವರ್ಡ್ ಒತ್ತಿದ, ಫೈಲು ತೆರೆಯಿತು. ಅವನು ಗುಂಡಿ ಒತ್ತಲಿಲ್ಲ. ಕುರ್ಚಿ ಹಿಂದೆ ಸರಿಸಿ ಎದ್ದು ನಿಂತ.

"ಇಲ್ಲಿ ಬಂದ್ ಕೂಡ್ರಿ" ಎಂದ ಶಿವಗಂಗಾಳಿಗೆ.

"ಯಾಕೆ ಸಾರ್, ನಾನೇನು ಮಾಡ್ದೆ?"

"ಏನೂ ಮಾಡಿಲ್ಲ. ಈಗ ಮಾಡ್ರಿ." ಮೇಜಿನ ಮೇಲೆ ಅವನ ಕೈಬರಹದ ಆರು ಹಾಳೆಗಳನ್ನಿಟ್ಟ. ಮೊದಲ ಸಾಲಿನಲ್ಲೇ ಪಾಸ್‌ವರ್ಡ್ ಇತ್ತು.

ಅವಳು ಆ ಕುರ್ಚಿಯ ತುದಿಯಲ್ಲಿ ಕೂತಳು. ಮೌಸ್ ಹಿಡಿದ ಕೈ ನಿಂತಲ್ಲೇ ನಿಂತಿತು. "ಸಾರ್, ನೀವು ಹಿಂಗೆ ನೋಡ್ತಿದ್ರೆ ನಂಗೆ ಮಾಡೋಕಾಗಲ್ಲ."

ಬಸಲಿಂಗ ಕೈಗಳನ್ನು ಹಿಂದೆ ಕಟ್ಟಿಕೊಂಡು, ಗೋಡೆಯ ಕಡೆಗೆ ತಿರುಗಿ ನಿಂತ. ಪ್ರಿಂಟರ್ ಶುರುವಾದ ಮೇಲೂ ಹಾಗೆಯೇ ನಿಂತಿದ್ದ.