ಪಾತಾಳರಾಜನ ಮನೆಯ ವಡೆ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಂಡ್ಯದ ಒಂದು ಪತ್ರಿಕೆಗೆ ಮದ್ದೂರಿನಿಂದ ಸುದ್ದಿ ಕಳಿಸುತ್ತಿದ್ದೆ. ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ ಕವರು ಮಂಡ್ಯ ಸೇರಿದರೆ ಅದು ಸುದ್ದಿ. ಸೇರದಿದ್ದರೆ ಮದ್ದೂರಿನಲ್ಲಿ ಆ ದಿನ ಏನೂ ನಡೆದಿಲ್ಲ. ಸೇರಿದ್ದರಲ್ಲೂ ಉಪಸಂಪಾದಕರು ಬಹಳಷ್ಟನ್ನು ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸಿದ ಒಂದು ಸುದ್ದಿಯ ಉಳಿದ ಭಾಗ ಇದು.

ನಾನಿದ್ದ ಬೀದಿಯ ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಮೇಷ್ಟರುಗಳೇ ನಾಟಕ ಆಡುತ್ತಿದ್ದರು. ಪ್ರತಿವರ್ಷ ಅದೇ ಕಿರೀಟ, ಅದೇ ಗದೆ. ಆ ವರ್ಷ ಹೊಸದಾಗಿ ಬಂದ ಹೆಡ್‌ಮಾಸ್ಟರು ಮೈಸೂರಿನಲ್ಲಿ ಇಂಗ್ಲಿಷ್ ಓದಿದವರು. ಅವರು ಗ್ರೀಕ್ ದೇಶದ ಕಥೆಯೊಂದನ್ನು ಆರಿಸಿದರು. ಪಾತಾಳದ ರಾಜ ಭೂದೇವಿಯ ಮಗಳನ್ನು ಹೊತ್ತೊಯ್ಯುತ್ತಾನೆ. ಅವಳಿಗೆ ಅವನನ್ನು ಕಂಡರೆ ಆಗದು. ಆದರೆ ಅಲ್ಲಿ ನಾಲ್ಕು ಕಾಳು ದಾಳಿಂಬೆ ತಿಂದುಬಿಡುತ್ತಾಳೆ, ತಿಂದದ್ದರಿಂದ ಅಲ್ಲಿಯವಳೇ ಆಗುತ್ತಾಳೆ. ಇಷ್ಟು ಸಾಲದೆಂದು ಹೆಡ್‌ಮಾಸ್ಟರು ಅದಕ್ಕೊಂದು ಅಜ್ಜಿಕಥೆಯನ್ನೂ ಕಸಿ ಕಟ್ಟಿದರು. ಶಾಪದಿಂದ ರಾಜನಿಗೆ ಕರಡಿಯ ಮುಖ. ರಾಜಕುಮಾರಿಯಾದ ಅವಳು ಮನಸಾರೆ ಅವನ ಕೈಯಿಂದ ತಿಂದರೆ ಮನುಷ್ಯನ ಮುಖ ಬರುತ್ತದೆ. ಪತ್ರಿಕೆಯವನು, ಅಕ್ಷರ ಬಲ್ಲವನು ಎಂದು ಪಕ್ಕದ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸವನ್ನು ನನಗೆ ವಹಿಸಿದರು.

ಮೊದಲ ತಕರಾರು ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟರಿಂದ ಬಂತು.

"ಯಮಂಗೆ ಲವ್ವು ಇಟ್ರೆ ನಾನು ಆರ್ಮೋನಿಯಂ ಮುಟ್ಟಕಿಲ್ಲ ಸ್ವಾಮಿ."

"ಯಮ ಅಲ್ಲ ಕಣಯ್ಯ, ಇವನು ಗ್ರೀಕ್ ದೇಶದೋನು," ಎಂದರು ಹೆಡ್‌ಮಾಸ್ಟರು.

"ಯಾವ ದೇಸದೋನಾದ್ರೇನು? ಸತ್ತೋರ್ನ ಇಟ್ಕೊಂಡವ್ನೋ ಇಲ್ವೋ? ಇಟ್ಕೊಂಡವ್ನೆ ಅಂದ್ಮೇಲೆ ಯಮನೇ ಬುಡಿ."

ಕೊನೆಗೆ ಅವನನ್ನು ಪಾತಾಳರಾಜ ಎಂದು ಕರೆಯುವುದು, ಕೋಣವನ್ನು ತರದಿರುವುದು ಎಂದು ಒಪ್ಪಂದವಾಯಿತು. ಹೆಣ್ಣುಪಾತ್ರಕ್ಕೆ ಮಂಡ್ಯದಿಂದ ಗೊತ್ತು ಮಾಡಿದ್ದ ನಟಿ, ಜೊತೆ ಪಾತ್ರ ಕರಡಿಯದು ಎಂದು ತಿಳಿದು ಬರಲೊಲ್ಲೆ ಎಂದಳು. ರಾಜಕುಮಾರಿಯ ಪಾತ್ರ ಗಣಿತದ ಟೀಚರಿಗೆ ಬಿತ್ತು. ಪಾತಾಳರಾಜ ಚರಿತ್ರೆಯ ಮೇಷ್ಟರು. ಹೊಸಬರಾದ ಹೆಡ್‌ಮಾಸ್ಟರಿಗೆ ತಾವು ಏನು ಮಾಡಿದೆವೆಂದು ತಿಳಿದಿರಲಿಲ್ಲ.

ಇಬ್ಬರೂ ಚಿಕ್ಕರಸಿನಕೆರೆ ಕಡೆಯ ಒಂದೇ ಊರಿನವರು. ಎರಡು ಮನೆಗಳಿಗೂ ಒಂದು ತಲೆಮಾರಿನಿಂದ ಮಾತಿಲ್ಲ. ಯಾವುದೋ ಮದುವೆಯ ಊಟದಲ್ಲಿ ಮೇಷ್ಟರ ಮನೆಯವರು ಬಡಿಸುತ್ತಿದ್ದಾಗ ಟೀಚರ ತಾತನ ಎಲೆಯನ್ನು ದಾಟಿ ಮುಂದೆ ಹೋದರಂತೆ. ಏನು ಬಡಿಸುತ್ತಿದ್ದರು ಎಂಬ ಬಗ್ಗೆ ಒಮ್ಮತವಿರಲಿಲ್ಲ. ಟೀಚರ ತಂದೆಯನ್ನು ನಾನೇ ಒಮ್ಮೆ ಕೇಳಿದ್ದೆ. "ಪಾಯಸ ಕಣಯ್ಯ. ನಮ್ಮಪ್ಪ ಎಲೆ ಮುಂದೆ ದೊನ್ನೆ ಇಟ್ಕೊಂಡು ಕುಂತೇ ಇದ್ರು" ಎಂದಿದ್ದರು. ಅಂದಿನಿಂದ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರೂ ಮುಟ್ಟುವುದಿಲ್ಲ. ಮುಟ್ಟಿದರೆ ಜಗಳ ಮುಗಿಯಿತು ಎಂದು ಅರ್ಥ. ಹಾಗಾಗಿ ಬಾಯಾರಿದರೂ ಎಲ್ಲರೂ ಎಚ್ಚರವಾಗಿದ್ದರು. ದಾಳಿಂಬೆಯ ಅರ್ಥವನ್ನು ಹೆಡ್‌ಮಾಸ್ಟರು ತಾಲೀಮಿನಲ್ಲಿ ಅರ್ಧ ಗಂಟೆ ವಿವರಿಸಿದರು. ಅಲ್ಲಿದ್ದವರಲ್ಲಿ ಅದನ್ನು ವಿವರಿಸಬೇಕಾದ ಅಗತ್ಯವಿದ್ದವರು ಅವರೊಬ್ಬರೇ.

ಸ್ಟಾಫ್ ರೂಮಿನಲ್ಲಿ ಇಬ್ಬರೂ ಮಾತಾಡುತ್ತಿದ್ದುದು ಮೂರನೆಯವರ ಮೂಲಕ.

"ಸೀಮೆಸುಣ್ಣದ ಡಬ್ಬ ಅವರಪ್ಪನ ಮನೆಯಿಂದ ಬಂದಿದ್ದಲ್ಲ ಅಂತ ಆ ಮೇಷ್ಟರಿಗೆ ಹೇಳಿ."

"ಲೆಕ್ಕ ಬರೋರು ಎಣಿಸಿ ಇಟ್ಕೊಳ್ಳಲಿ ಅಂತ ಆ ಟೀಚರಿಗೆ ಹೇಳಿ."

ಟೀಚರ ತಂದೆ ಮಗಳ ಪಾತ್ರಕ್ಕೆ ಒಪ್ಪಲಾರರು ಎಂದೇ ನಾವು ತಿಳಿದಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಮ್ಮುಡುಗಿ ಅವ್ನಿಗೆ ಒಡೀತಾಳೆ ಅಂದ್ರಲ್ಲ, ದಿಟವಾ?"

"ಎರಡು ಸಲ ಹೊಡೀತಾರೆ," ಎಂದೆ.

"ಎಲ್ರ ಮುಂದ್ಲೂವೆ? ಹಂಗಾದ್ರೆ ಮಾಡ್ಲಿ ಬುಡಿ."

ತಾಲೀಮು ಶುರುವಾಯಿತು. ಬೈಗುಳದ ದೃಶ್ಯಗಳಿಗೆ ನಾನು ಮಾತು ಹೇಳಿಕೊಡುವ ಪ್ರಮೇಯವೇ ಬರಲಿಲ್ಲ. ಹೊತ್ತೊಯ್ಯುವ ದೃಶ್ಯದಲ್ಲಿ ಮರ್ಯಾದೆಯ ದೃಷ್ಟಿಯಿಂದ ಇಬ್ಬರೂ ಒಂದು ಟವೆಲ್ಲಿನ ಎರಡು ತುದಿ ಹಿಡಿದು ಹೊರಗೆ ನಡೆಯಬೇಕೆಂದು ಶಾಲಾ ಸಮಿತಿ ತೀರ್ಮಾನಿಸಿತು. ಪಾತಾಳಕ್ಕೆ ಅಷ್ಟು ಶಿಸ್ತಿನಿಂದ ಹೋದ ರಾಜಕುಮಾರಿ ಯಾವ ದೇಶದ ಕಥೆಯಲ್ಲೂ ಇರಲಾರಳು.

ನಾನು ಗಮನಿಸಿದ್ದು ಕೆನ್ನೆಯ ಏಟನ್ನು. ಮೊದಲ ತಾಲೀಮಿನ ಏಟು ಆಟದ ಮೈದಾನಕ್ಕೆ ಕೇಳಿಸಿತು. ಮೇಷ್ಟರಿಗೆ ಜ್ವರ ಬಂದು ಅವರ ಬದಲು ಡ್ರಿಲ್ ಮೇಷ್ಟರು ನಿಂತ ದಿನ ಟೀಚರು ಯಾವ ಮಾತನ್ನೂ ಸರಿಯಾಗಿ ಹೇಳಲಿಲ್ಲ, ತಪ್ಪೆಲ್ಲ ಡ್ರಿಲ್ ಮೇಷ್ಟರದೆಂದು ಮನೆಗೆ ಹೋದರು. ಮೇಷ್ಟರು ಮರಳಿದ ಮೇಲೆ ಏಟು ಇಳಿಯುತ್ತ ಬಂತು. ಕೊನೆಯ ತಾಲೀಮಿನ ಹೊತ್ತಿಗೆ ಅದು ಕೆನ್ನೆಯ ಮೇಲಿನ ನೊಣ ಓಡಿಸಲೂ ಸಾಲದಂತಿತ್ತು.

"ಜೋರಾಗಿ ಹೊಡೀರಿ ಟೀಚರ್. ನಿಮ್ಮಪ್ಪ ಅದಕ್ಕೇ ಬರ್ತಿರೋದು," ಎಂದರು ಮೇಷ್ಟರು. ಮೂರನೆಯವರ ಮೂಲಕವಲ್ಲದೆ ಅವರು ಟೀಚರೊಡನೆ ಆಡಿ ನಾನು ಕೇಳಿದ ಮೊದಲ ಮಾತು ಅದು.

"ನನ್ನ ಕೈ, ನನ್ನ ಲೆಕ್ಕ," ಎಂದರು ಟೀಚರು.

ಅದೇ ಸಂಜೆ ಟೀಚರು ಪಾತ್ರದ ಸೀರೆ ಮಡಿಸುತ್ತ ನನ್ನೊಡನೆ, "ನಾಟಕ ಆದ ಸೋಮವಾರ ನಂಗೆ ಎಲೆಅಡಿಕೆ ಶಾಸ್ತ್ರ. ಗಂಡಿನೋರು ಮಳವಳ್ಳಿ ಕಡೆಯೋರು. ಆಮೇಲೆ ಇಸ್ಕೂಲಿನ ಕೆಲಸ ಬುಡಬೇಕಂತೆ," ಎಂದರು.

"ನೀವೇನಂದ್ರಿ?"

"ನನ್ನ ಕೇಳಿದ್ರೆ ತಾನೆ ಅನ್ನಾದು?"

ವಾರ್ಷಿಕೋತ್ಸವದ ದಿನ, ಕರೆಂಟನ್ನು ನಂಬಲಾಗದೆ, ಹೆಡ್‌ಮಾಸ್ಟರು ನಾಟಕವನ್ನು ಹಗಲಿಗೇ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಟೀಚರ ತಂದೆ. ಅವರ ಪಕ್ಕ ಮಳವಳ್ಳಿಯಿಂದ ಬಂದಿದ್ದ ವರನ ಸೋದರಮಾವ. ಹೆಂಗಸರ ಕಡೆ, ಮೇಷ್ಟರ ತಾಯಿ. ಮೊದಲ ಅಂಕ ಮುಗಿದಾಗ ಡ್ರಾಯಿಂಗ್ ಮೇಷ್ಟರು ಮಾಡಿದ್ದ ಮಣ್ಣಿನ ದಾಳಿಂಬೆ ಯಾರದೋ ಕಾಲಡಿ ಸಿಕ್ಕಿ ಪುಡಿಯಾಯಿತು. ಪಾತಾಳದಲ್ಲಿ ತಿನ್ನಲು ಏನಾದರೂ ಬೇಕಲ್ಲ? ಹೆಡ್‌ಮಾಸ್ಟರು ವಡೆ ತರಲು ಸ್ಟೇಷನ್ನಿಗೆ ಜವಾನನನ್ನು ಓಡಿಸಿದರು. ಪ್ಯಾಸೆಂಜರ್ ಗಾಡಿ ಆಗತಾನೆ ಹೋಗಿತ್ತು. ಅದರ ಜೊತೆ ವಡೆಗಳೂ ಹೋಗಿದ್ದವು. ಆಗ ಚರಿತ್ರೆಯ ಮೇಷ್ಟರು ತಮ್ಮ ಟಿಫಿನ್ ಕ್ಯಾರಿಯರ್ ತೆಗೆದರು. ತಾಯಿ ಮಗನಿಗೆಂದು ಮನೆಯಲ್ಲಿ ಕರಿದು ತಂದ ವಡೆ, ಅಂಗೈ ಅಗಲದ್ದು, ಗರಿಗರಿಯಾದದ್ದು.

"ಇದು ಯಾರ ಮನೇದು?" ಎಂದು ಟೀಚರು ಕೇಳಿದರು.

"ನಮ್ಮನೇದು. ನೀವು ತಿನ್ನಬೇಕಾಗಿಲ್ಲ. ಕಚ್ಚಿದ ಹಾಗೆ ಮಾಡಿದ್ರೆ ಸಾಕು."

ಪರದೆ ಎದ್ದಿತು.

ಎರಡನೇ ಅಂಕದ ಕೊನೆಗೆ ಕರಡಿಮುಖದ ರಾಜ ತಟ್ಟೆ ಹಿಡಿದು ನಿಂತ. ಟೀಚರು ಒಂದು ವಡೆ ತೆಗೆದುಕೊಂಡು ಮೊದಲು ಮುಂದಿನ ಸಾಲನ್ನು ನೋಡಿದರು, ಆಮೇಲೆ ಕಚ್ಚಿದರು. ತಲೆಯ ಮೇಲೆ ನೇತುಹಾಕಿದ್ದ ಮೈಕಿನಲ್ಲಿ ಕರುಂ ಎಂಬ ಸದ್ದು ಕಾಂಪೌಂಡಿನಾಚೆಗೂ ಕೇಳಿತು. ಹೆಂಗಸರ ಕಡೆಯಿಂದ ಮೇಷ್ಟರ ತಾಯಿಯ ದನಿ ಎದ್ದಿತು: "ಅದು ನಮ್ಮಟ್ಟಿ ತಟ್ಟೆ ಕಣಮ್ಮ. ವಡೇನೂ ನಂದೇಯ."

ಟೀಚರ ತಂದೆ ಎದ್ದು ನಿಂತರು. "ಉಗಿಯವ್ವ. ಉಗಿ ಅಂದೆ."

ರಾಜ ತಟ್ಟೆ ಹಿಡಿದೇ ಕಲ್ಲಾದ. ನಾನು ಪರದೆಯ ಹಿಂದಿನಿಂದ ಮುಂದಿನ ಮಾತನ್ನು ಎರಡು ಸಲ ಹೇಳಿಕೊಟ್ಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಟೀಚರು ಅವಸರವಿಲ್ಲದೆ ಅಗಿದರು.

"ನುಂಗಾಯ್ತು ಅಪ್ಪ," ಎಂದರು.

ಆಮೇಲೆ ಕರಡಿಯ ಮುಖವಾಡದ ದಾರವನ್ನು ಅವರೇ ಬಿಚ್ಚಿದರು. ಅದು ನನ್ನ ಪ್ರತಿಯಲ್ಲಿ ಇರಲಿಲ್ಲ. ಒಳಗಿದ್ದ ಮುಖ ಬೆವರಿನಿಂದ ತೊಯ್ದು, ಶಾಪ ವಿಮೋಚನೆಯಾದವನ ಮುಖಕ್ಕಿಂತ ಪರೀಕ್ಷೆಯಲ್ಲಿ ಪಾಸಾದವನ ಮುಖದಂತೆ ಕಾಣುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ರಾಜಕುಮಾರಿಯ ತಂದೆಯನ್ನು ಸಭೆಯಲ್ಲೇ ಕೂರಿಸಿ ಮಾತಾಡಿಸಿದ್ದು ಹೊಸ ಪ್ರಯೋಗ ಎಂದು ವಿದ್ಯಾ ಇಲಾಖೆಯ ಅತಿಥಿಗಳು ಹೆಡ್‌ಮಾಸ್ಟರನ್ನು ಹೊಗಳಿದರು. ಹೆಡ್‌ಮಾಸ್ಟರು ಹೊಗಳಿಕೆಯನ್ನು ಹಿಂದಿರುಗಿಸಲಿಲ್ಲ.

ವರನ ಸೋದರಮಾವ ಮಾತ್ರ ನನ್ನ ಬಳಿ ಬಂದು ಕೇಳಿದರು. "ಈ ಸೀನು ಮೊದ್ಲೇ ಬರ್ದಿದ್ರಾ?"

"ತಿನ್ನೋದು ಇತ್ತು. ಉಳಿದದ್ದು ಇರಲಿಲ್ಲ," ಎಂದೆ.

"ಗೊತ್ತಾಯ್ತು ಬುಡಿ," ಎಂದು ಅವರು ಮಳವಳ್ಳಿಯ ಬಸ್ಸು ಹತ್ತಿದರು. ಸೋಮವಾರದ ಶಾಸ್ತ್ರಕ್ಕೆ ಆ ಕಡೆಯಿಂದ ಯಾರೂ ಬರಲಿಲ್ಲ.

ನಾನು ಎರಡು ಪುಟದ ವರದಿ ಕಳಿಸಿದೆ. ಅಚ್ಚಾದದ್ದು ಒಂದು ವಾಕ್ಯ: ನಾಟಕವು ನೆರೆದಿದ್ದವರ ಮನಸೂರೆಗೊಂಡಿತು.

ತಂದೆ ಮಗಳೊಡನೆ ಮಾತು ಬಿಟ್ಟರು. ಟೀಚರಿಗೆ ಆ ವಿದ್ಯೆ ಸ್ಟಾಫ್ ರೂಮಿನಲ್ಲೇ ಸಿದ್ಧಿಸಿತ್ತು. "ಮುದ್ದೆ ಆರೋಯ್ತದೆ ಅಂತ ಅಪ್ಪಂಗೆ ಏಳವ್ವ" ಎಂದು ತಾಯಿಯ ಮೂಲಕ ಹೇಳಿ, ಬೆಳಗಿನ ಬಸ್ಸಿಗೆ ಶಾಲೆಗೆ ಬರುತ್ತಿದ್ದರು. ಇದು ಎಷ್ಟು ಕಾಲ ನಡೆಯುತ್ತಿತ್ತೋ. ಒಂದು ಮಧ್ಯಾಹ್ನ ಮೇಷ್ಟರ ತಾಯಿ ಯಾರನ್ನೂ ಕೇಳದೆ ಟೀಚರ ಮನೆಯ ಜಗಲಿಗೆ ಬಂದು ಕೂತರಂತೆ.

"ಬಿಸ್ಲು ಕಣಣ್ಣ. ಒಂದ್ ಚೊಂಬು ನೀರು ಕೊಡ್ಸು."

ಕೇಳಿದವರಿಗೆ ನೀರಿಲ್ಲ ಎನ್ನುವ ಮನೆ ಆ ಸೀಮೆಯಲ್ಲಿಲ್ಲ. ಕೊಟ್ಟರು. ಆಕೆ ತಳ ಕಾಣುವವರೆಗೆ ಕುಡಿದು, ಚೊಂಬು ಕೆಳಗಿಟ್ಟು, "ನಾನು ನಿಮ್ಮನೇದು ಕುಡ್ದೆ, ನಿನ್ ಮಗ್ಳು ನಮ್ಮನೇದು ತಿಂದ್ಲು. ಇನ್ನೇನೈತೆ ಅಂತ ಮೊಕ ಊದಿಸ್ಕೊಂಡಿದ್ದೀಯೆ?" ಎಂದರು.

ಮೇಷ್ಟರಿಗೂ ಟೀಚರಿಗೂ ಎಲೆಅಡಿಕೆಯಾಗಿ ಎರಡು ಮನೆಗಳೂ ಸೇರಿ ಉಂಡ ದಿನ ನನ್ನನ್ನೂ ಕರೆದಿದ್ದರು. ಸೊಸೆ ಶಾಲೆಯ ಕೆಲಸ ಬಿಡುವುದಿಲ್ಲ ಎಂಬುದು ಎಲೆಅಡಿಕೆಗೆ ಮುಂಚೆಯೇ ತೀರ್ಮಾನವಾಗಿತ್ತು. ಮೇಷ್ಟರ ತಾಯಿ ತಾವೇ ಬಡಿಸಲು ಬಂದು ಮೊದಲು ಟೀಚರ ತಂದೆಯ ಎಲೆಗೆ ಒಂದು ವಡೆ ಹಾಕಿದರು. ಅವರು ಬೇಡ ಎನ್ನುವ ಮೊದಲೇ ಇನ್ನೊಂದು ಹಾಕಿದರು. ಆತ ಅದನ್ನು ಮುರಿದು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿದರು.

"ಆವತ್ತು ನಮ್ಮಪ್ಪನ ಎಲೆಗೆ ಬೀಳ್ದೆ ಓದದ್ದೂ ಇದೇ ಕಣಮ್ಮ," ಎಂದರು. "ವಡೆ."

ನಾನು ಅವರ ಪಕ್ಕದ ಎಲೆಯಲ್ಲೇ ಕೂತಿದ್ದೆ. ತಿದ್ದುಪಡಿ ಹಾಕಲಿಲ್ಲ. ಪಾಯಸ ಬಂದಾಗ ಅವರ ಜೊತೆ ನಾನೂ ದೊನ್ನೆ ಮುಂದಕ್ಕೆ ಸರಿಸಿದೆ.