ತಲೆಯೊಳಗಿನ ನಾದಿನಿ

ಕಡಲತೀರದ ಮಹ್ದಿಯಾ ಪಟ್ಟಣದ ಹಳೇ ಕೇರಿಯಲ್ಲಿ ನನ್ನ ಮನೆಗೂ ಮನ್ನೂಬಿಯಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಆ ಕಡೆ ಒಣಮೆಣಸು ಕುಟ್ಟಿದರೆ ಈ ಕಡೆ ನನಗೆ ಸೀನು ಬರುತ್ತದೆ.

ಮದುಮಗಳ ಉಡುಪಿಗೆ ಜರಿ ಕೆಲಸ ಮಾಡುವುದು ಅವಳ ಕಸುಬು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಊರಿನವರ ಪಾಲಿಗೆ ಅವಳು ಬಾಯಿಲ್ಲದ ಹೆಂಗಸು. ಮೀನಿನವನು ನಿನ್ನೆಯ ಮೀನು ಕೊಟ್ಟರೆ ಸುಮ್ಮನೆ ತರುತ್ತಿದ್ದಳು. ಮದುಮಗಳ ತಾಯಿ ಕತ್ತಿನ ಹೊಲಿಗೆಯನ್ನು ಮತ್ತೆ ಮತ್ತೆ ಬಿಚ್ಚಿಸಿದರೆ ಸುಮ್ಮನೆ ಬಿಚ್ಚುತ್ತಿದ್ದಳು. ಆದರೆ ಸೂಜಿ ಹಿಡಿದು ಅಂಗಳದಲ್ಲಿ ಕೂತಳೋ, ತುಟಿ ಅಲ್ಲಾಡಲು ಶುರು. ದೇವರ ಧ್ಯಾನವೆಂದೇ ನಾನು ತಿಳಿದಿದ್ದೆ. ದೇವರಿಗೆ ಯಾರೂ ಹಾಗೆ ಮೂತಿ ತಿವಿಯುವುದಿಲ್ಲ ಎಂದು ಹೊಳೆದದ್ದು ತಡವಾಗಿ.

ಒಂದು ಮಧ್ಯಾಹ್ನ ಚಹಾ ತೆಗೆದುಕೊಂಡು ಹೋದವಳು ಕೇಳಿಯೇಬಿಟ್ಟೆ.

“ಯಾರ ಜೊತೆ ಅಕ್ಕಾ ಜಗಳ?”

“ಜಗಳಾನಾ? ನಾನ್ಯಾರ ಜೊತೆ ಆಡ್ಲಿ, ದಲೆಂದಾ?” ಎಂದಳು ನನ್ನ ಹೆಸರು ಹಿಡಿದು.

“ಈಗ ತಾನೆ ಯಾರಿಗೋ ಮೂತಿ ತಿವಿದ್ರಲ್ಲ!”

ಅವಳು ಅತ್ತಿತ್ತ ನೋಡಿ, ಕಳವು ಒಪ್ಪಿಕೊಳ್ಳುವವಳ ಹಾಗೆ ಪಿಸುಗುಟ್ಟಿದಳು. “ಸಾಲ್ಹಾ ಜೊತೆ.”

ಸಾಲ್ಹಾ ಅವಳ ಗಂಡನ ತಂಗಿ, ಬಂದರಿನ ಹತ್ತಿರ ಇರುವವಳು. ಮನ್ನೂಬಿಯಾಳ ದೊಡ್ಡ ಮಗಳ ಮದುವೆಯಲ್ಲಿ, ಇವಳೇ ಗೋಧಿ ರವೆಯಲ್ಲಿ ಮಾಡಿದ ಮೀನಿನ ಕುಸ್‌ಕುಸ್ ಬಾಯಿಗಿಟ್ಟು, ಅಂಗಳದ ತುಂಬ ಹೆಂಗಸರಿದ್ದಾಗ, “ಅತ್ತಿಗೆ, ಉಪ್ಪು ಇನ್ನೂ ಸಮುದ್ರದಲ್ಲೇ ಇದೆಯಾ?” ಎಂದಿದ್ದಳಂತೆ. ಎಲ್ಲರೂ ನಕ್ಕರು. ಮನ್ನೂಬಿಯಾ ಕೂಡ ನಕ್ಕಳು. ಆ ಮಗಳ ಮಗನಿಗೆ ಆಗಲೇ ಮೀಸೆ ಬಂದಿತ್ತು; ಇವಳು ಮಾತ್ರ ಇನ್ನೂ ಉತ್ತರ ಹುಡುಕುತ್ತಿದ್ದಳು.

“ದಿನಾ ತಲೆಯೊಳಗೆ ಬರ್ತಾಳಾ?”

“ಕರೀದೇನೇ ಬರ್ತಾಳೆ. ಸೂಜಿಗೆ ದಾರ ಪೋಣಿಸೋದೇ ತಡ, ಎದುರಿಗೇ ಬಂದು ಕೂತ್ಕೋತಾಳೆ.”

“ಓಡಿಸಿಬಿಡಿ.”

“ಓಡಿಸಿದ್ರೆ ಬಾಗಿಲ ಹತ್ರ ನಿಂತು ಇನ್ನೊಂದು ಮಾತು ಅಂದೇ ಹೋಗ್ತಾಳೆ.”

“ಹಾಗಾದ್ರೆ ಕೂರಿಸ್ಕೊಳ್ಳಿ. ಏನೇನಂತಾಳೋ ಸರಿಯಾಗಿ ಕೇಳಿಸ್ಕೊಳ್ಳಿ. ಜೋರಾಗಿ ಹೇಳಿ, ನಂಗೂ ಕೇಳ್ಲಿ.”

ಇದನ್ನು ನಾನು ಅವಳ ಉದ್ಧಾರಕ್ಕೆಂದು ಹೇಳಿದ್ದಲ್ಲ. ಮಧ್ಯಾಹ್ನ ಹೊತ್ತು ಹೋಗುತ್ತಿರಲಿಲ್ಲ, ಅಷ್ಟೇ.

ಮೊದಮೊದಲು ನಾಚಿಕೊಂಡಳು. ಆಮೇಲೆ ಎರಡು ದನಿಯಲ್ಲೂ ಆಡಿ ತೋರಿಸತೊಡಗಿದಳು. ಸಾಲ್ಹಾ ಬಂದು ಜರಿ ಕೆಲಸದ ಮೇಲೆ ಬಗ್ಗುತ್ತಾಳೆ: “ಇದು ಹೂವಾ ಅತ್ತಿಗೆ, ಇಲ್ಲ ಬೆಕ್ಕು ತುಳಿದಿದ್ದಾ?” ಮನ್ನೂಬಿಯಾ: “ಹೂವು ಕಣೇ.” ಸಾಲ್ಹಾ: “ಅಯ್ಯೋ, ಬಾಡಿಹೋಗಿದ್ಯಲ್ಲ! ನೀನಂತೂ ಬಾಯಿ ಸತ್ತವಳು, ನಿನ್ನ ಹೂವಾದ್ರೂ ಬದುಕಬಾರದಾ?” ನನಗೆ ಚಹಾ ನೆತ್ತಿಗೇರಿತು.

ಹೀಗೇ ಕೆಲವು ದಿನ ನಡೆದ ಮೇಲೆ ನನಗೊಂದು ಅನುಮಾನ ಬಂತು. ಒಳ್ಳೊಳ್ಳೆಯ ಮಾತೆಲ್ಲ ಸಾಲ್ಹಾಳ ಪಾಲಿಗೆ. ಮನ್ನೂಬಿಯಾಳಿಗೆ “ಹೌದಾ”, “ಹೋಗೇ” ಬಿಟ್ಟರೆ ಬೇರೆ ಇಲ್ಲ. ನಿಜವಾದ ಸಾಲ್ಹಾಳನ್ನು ನಾನು ಬಲ್ಲೆ. ಅವಳಿಗೆ ತನ್ನ ಮಂಡಿನೋವು ಬಿಟ್ಟರೆ ಮಾತೇ ಇಲ್ಲ. ಆ ಉಪ್ಪಿನ ಚಟಾಕಿ ಅವಳ ಜನ್ಮದಲ್ಲಿ ಮೊದಲನೆಯದೂ ಕೊನೆಯದೂ ಇರಬೇಕು.

“ಅಕ್ಕಾ, ಇದನ್ನೆಲ್ಲ ಸಾಲ್ಹಾ ಯಾವಾಗ ಅಂದ್ಲು?”

“ಅಂದಿಲ್ಲ. ಅಂತಾಳೆ.”

“ಬಾಯಿ ಸತ್ತವಳು ಅಂತಾನೂ?”

ಸೂಜಿ ಗಾಳಿಯಲ್ಲೇ ನಿಂತಿತು. “ಅದನ್ನ ದಿನಾ ಅಂತಾಳೆ,” ಎಂದಳು ನಿಧಾನವಾಗಿ. “ಆದ್ರೆ... ಅವಳ ಬಾಯಿಂದ ಯಾವತ್ತೂ ಕೇಳಿಲ್ಲ.”

“ಮತ್ತೆ ಯಾರು ಅಂದಿದ್ದು?”

ಅವಳು ಬಟ್ಟೆ ಮಡಚಿ ಒಳಗೆ ಹೋದಳು. ಆ ಸಂಜೆ ಗೋಡೆಯಾಚೆ ಪಾತ್ರೆಯ ಸದ್ದೂ ಇಲ್ಲ. ತಮಾಷೆ ಅತಿಯಾಯಿತೇನೋ ಎಂದು ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಮೀನು ಪೇಟೆಗೆ ಹೋದೆವು. ಮೀನಿನವನು ಬೂಬಕರ್ ಎಂದಿನಂತೆ ಅವಳ ಬುಟ್ಟಿಗೆ ಒಂದು ಮೀನು ಹಾಕಿದ. ಅವಳು ಅದನ್ನು ಎತ್ತಿ, ಕಣ್ಣಿಗೆ ಕಣ್ಣಿಟ್ಟು ನೋಡಿದಳು.

“ಬೂಬಕರ್, ಇದು ತೀರಿಕೊಂಡಿದ್ದು ಯಾವಾಗಪ್ಪಾ? ದುಃಖ ಹಂಚ್ಕೊಳ್ಳೋಕೆ ನಾನು ತಡವಾಗಿ ಬಂದ್ನೇನೋ!”

ಪೇಟೆಯೇ ಹಾರಿಹೋಗುವಂತೆ ನಗು. ಮಾತಾಡಿದವರು ಯಾರೆಂದು ಬೂಬಕರ್ ಅವಳ ಬೆನ್ನ ಹಿಂದೆ ಇಣುಕಿದ. ಮನ್ನೂಬಿಯಾ ಕೂಡ ಒಮ್ಮೆ ಹಿಂದೆ ತಿರುಗಿ ನೋಡಿಕೊಂಡಳು. ದಾರಿಯುದ್ದಕ್ಕೂ ಅವಳ ಮುಖ ಹಬ್ಬದ ದಿನದ ಮಗುವಿನದು.

ಬೇಸಿಗೆಯಲ್ಲಿ ಸಾಲ್ಹಾಳ ಕಿರಿಯ ಮಗಳ ಮದುವೆ ಬಂತು. ಹಳೇ ಬಾಕಿ ತೀರಿಸುವುದಕ್ಕೆ ಸಾಕ್ಷಿ ಬೇಕೆಂದು ಮನ್ನೂಬಿಯಾ ನನ್ನನ್ನೂ ಎಳೆದುಕೊಂಡು ಹೋದಳು. ಕುಸ್‌ಕುಸ್ ಬಂತು. ಒಂದು ತುತ್ತು ತಿಂದು, ಚಮಚ ಕೆಳಗಿಟ್ಟು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು:

“ಸಾಲ್ಹಾ, ಉಪ್ಪು ಅಂತೂ ಬಂದು ಸೇರ್ತು ಕಣೇ. ಸಮುದ್ರಾನೂ ಜೊತೇಲೇ ಕರ್ಕೊಂಡು ಬಂದಿದೆ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಸಾಲ್ಹಾ ಪಿಳಿಪಿಳಿ ನೋಡಿದಳು.

“ಏನಂದ್ರಿ ಅತ್ತಿಗೆ? ಈ ಕಿವಿ ಹೋಗಿದೆ. ಆ ಕಡೆ ಬನ್ನಿ.”

ಮನ್ನೂಬಿಯಾ ಎದ್ದು ಹೋಗಿ ಇನ್ನೊಂದು ಕಿವಿಯಲ್ಲಿ ಮತ್ತೆ ಹೇಳಬೇಕಾಯಿತು. ಸಾಲ್ಹಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಎಷ್ಟು ಚೆನ್ನಾಗಂದ್ರಿ! ನಂಗೆಲ್ಲಿ ಬರಬೇಕು ಇಂಥ ಮಾತು?”

“ಶುರು ಮಾಡಿದ್ದು ನೀನೇ ಅಲ್ವೇನೇ, ನನ್ನ ಮಗಳ ಮದುವೆಲಿ?”

“ನಾನಾ? ಮದುವೆಗೆ ಬಂದಿದ್ದು ನೆನಪಿದೆ,” ಎಂದಳು ಸಾಲ್ಹಾ ಮಂಡಿ ನೀವುತ್ತ. “ಊಟ ಚೆನ್ನಾಗಿತ್ತು.”

ಮನೆಗೆ ಬರುವಾಗ ಮನ್ನೂಬಿಯಾ, “ಇವಳಿಗಿಂತ ನನ್ನ ಸಾಲ್ಹಾನೇ ಚೂಟಿ,” ಎಂದಳು. ಆಮೇಲೆ ಬೀದಿಯಲ್ಲೇ ನಿಂತುಬಿಟ್ಟಳು. “ಇಷ್ಟು ವರ್ಷ ನನ್ನ ಮಾತೆಲ್ಲ ಅವಳ ಕೈಲಿ ಆಡಿಸಿ, ನಾನು ಬೈಸ್ಕೊಂಡು ಕೂತಿದ್ನಲ್ಲ ದಲೆಂದಾ! ಯಾರಾದ್ರೂ ಹೀಗ್ ಮಾಡ್ಕೋತಾರಾ?” ಅಳುತ್ತಾಳೇನೋ ಅಂದುಕೊಂಡೆ. ನಕ್ಕಳು, ಗೋಡೆಗೆ ಕೈ ಊರಿಕೊಂಡು.

ಈಗ ಮದುಮಗಳಿಗೆ ಮೆಹೆಂದಿ ಹಚ್ಚುವ ದಿನ, ಹುಡುಗಿ ಅಳದೆ ನಗುತ್ತಿರಲಿ ಎಂದು ಮನ್ನೂಬಿಯಾಳನ್ನೇ ಕರೆಯುತ್ತಾರೆ. ಹೊಲಿಗೆ ಬಿಚ್ಚಿಸಲು ಬರುವ ತಾಯಂದಿರು ಎರಡು ಸಲ ಯೋಚಿಸಿ ಬರುತ್ತಾರೆ. ಮೊನ್ನೆ ಚಹಾ ಕುಡಿಯುತ್ತ ಕೇಳಿದೆ: “ಈಗ ಯಾರು ಬರ್ತಾರೆ ಅಕ್ಕಾ, ಸೂಜಿ ಹಿಡಿದ್ರೆ?”

“ನಿನ್ನೆ ಮಧ್ಯಾಹ್ನದ ತನಕ ಒಬ್ರೂ ಬರಲಿಲ್ಲ ಕಣೇ,” ಎಂದಳು. “ತಲೆಯೊಳಗೆ ಒಂದೂ ಸದ್ದಿಲ್ಲ, ಹೆದರಿಕೆ ಆಗಿ ರೇಡಿಯೋ ಹಾಕ್ಬಿಟ್ಟೆ.”