ಅಥಣಿ ಅಂಗಳದಲ್ಲಿ ಐದನೇ ಪಂದ್ಯ

ಫೆಬ್ರವರಿ 12, ಬೆಳಿಗ್ಗೆ 5:40, ಚಿಕ್ಕೋಡಿ.

ಇವತ್ತು ಅಥಣಿಯಲ್ಲಿ ನಮ್ಮ ಪಂದ್ಯ. ಮಧ್ಯಾಹ್ನ ಮೂರೂವರೆಗೆ ಇದ್ದದ್ದು ನಿನ್ನೆಯಿಂದ ಸಂಜೆ ಏಳಕ್ಕೆ ಹೋಗಿದೆ. ಮಲಗಿ ಎದ್ದರೆ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿದಿಲ್ಲ, ಅದಕ್ಕೇ ನನ್ನ ಬ್ಲಾಗಿನಲ್ಲಿ ಬರೆಯಲು ಕುಳಿತಿದ್ದೇನೆ.

ನಾನು ಚಿಕ್ಕೋಡಿಯ ಒಂದು ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ನಾಯಕಿ. ನಿಪ್ಪಾಣಿ, ರಾಯಬಾಗ, ಕಾಗವಾಡದ ತಂಡಗಳೊಂದಿಗೆ ಆಡುವಾಗ ಅರ್ಧ ಆಟಕ್ಕೇ ಯಾರು ಗೆಲ್ಲುತ್ತಾರೆ ಎಂದು ತಿಳಿದುಬಿಡುತ್ತದೆ. ಅಥಣಿಯವರ ವಿಷಯ ಹಾಗಲ್ಲ. ಎರಡು ವರ್ಷದಲ್ಲಿ ನಾಲ್ಕು ಸಲ ಆಡಿದ್ದೇವೆ. ಮೊದಲನೆಯದು ನಮ್ಮದು, 44–41. ಎರಡನೆಯದು ಅವರದು, 47–46. ಮೂರನೆಯದೂ ಅವರದು, 52–50. ನಾಲ್ಕನೆಯದು ನಮ್ಮದು, 48–45. ಎಲ್ಲ ಕೂಡಿಸಿದರೆ ನಾವು 188, ಅವರು 185. ಎರಡು ವರ್ಷ ಓಡಾಡಿ, ಬಿದ್ದು, ಮೊಣಕಾಲು ತರಚಿಕೊಂಡು ನಾವು ಸಂಪಾದಿಸಿದ ಅಂತರ ದೂರದಿಂದ ಎಸೆದ ಒಂದೇ ಒಂದು ಚೆಂಡು. ಇವತ್ತು ಗೆದ್ದವರು ವಲಯದ ಪರವಾಗಿ ವಿಶ್ವವಿದ್ಯಾಲಯದ ಪಂದ್ಯಾವಳಿಗೆ ಹೋಗುತ್ತಾರೆ. ನಮ್ಮಲ್ಲಿ ಮೂವರಿಗೆ ಇದು ಕೊನೆಯ ವರ್ಷ.

ಅವರ ಬಲ ಎತ್ತರ. ಅವರ ನಾಯಕಿ ಕೊಕಟನೂರಿನವಳು. ಬೋರ್ಡಿಗೆ ಬಡಿದು ಹಿಂದೆ ಬಂದ ಚೆಂಡು ಅವಳ ಕೈಗೆ ಸಿಕ್ಕರೆ ಮುಗಿಯಿತು, ಇನ್ನೊಬ್ಬರಿಗೆ ಸಿಗುವುದಿಲ್ಲ. ನಮ್ಮ ಬಲ ಓಟ. ಆ ಓಟ ನಡೆಯುವುದು ಶಿರಗುಪ್ಪಿಯ ಒಬ್ಬ ಹುಡುಗಿಯಿಂದ. ಅವಳು ನಮ್ಮ ಗಾರ್ಡ್. ಚೆಂಡು ತರುವವಳು, ಯಾರಿಗೆ ಯಾವಾಗ ಕೊಡಬೇಕೆಂದು ನೋಡುವವಳು ಅವಳೇ. ಕೊನೆಯ ಕ್ವಾರ್ಟರಿನಲ್ಲಿ ಎಲ್ಲರ ಕಾಲು ಸೋತಾಗ ನಾವು ಗಳಿಸಿದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳ ಪಾಸಿನಿಂದ ಬಂದವು. ಗೆದ್ದ ಎರಡೂ ಪಂದ್ಯಗಳನ್ನು ಗೆದ್ದದ್ದು ಆ ಕ್ವಾರ್ಟರಿನಲ್ಲೇ.

ಅವಳದು ಜೈನರ ಮನೆ, ಕಬ್ಬಿನ ಹೊಲ ಇದ್ದವರು. ಹನ್ನೆರಡನೆಯ ವಯಸ್ಸಿನಲ್ಲಿ ಊರಿಗೆ ಬಂದಿದ್ದ ಮುನಿಗಳ ಎದುರು ನೇಮ ಹಿಡಿದಿದ್ದಾಳೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಹಾಸ್ಟೆಲಿನಲ್ಲಿ ನಾವು ರಾತ್ರಿ ಊಟಕ್ಕೆ ಸಾಲು ನಿಲ್ಲುವಾಗ ಅವಳು ತಟ್ಟೆ ತೊಳೆದಿಟ್ಟು ಓದುತ್ತಾ ಇರುತ್ತಾಳೆ. ಜ್ವರ ಬಂದ ದಿನವೂ ನೇಮ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಏಳಕ್ಕೆ ಶುರುವಾದರೆ ಇಡೀ ಪಂದ್ಯದಲ್ಲಿ ಅವಳಿಗೆ ಒಂದು ಗುಟುಕು ನೀರಿಲ್ಲ. ಕೊನೆಯ ಕ್ವಾರ್ಟರಿನ ಹೊತ್ತಿಗೆ ಅವಳ ಕಾಲು ಹಿಡಿದುಕೊಳ್ಳುತ್ತದೆ. ಹೋದ ವರ್ಷ ಅಥಣಿಯಲ್ಲಿ ಹಾಗೆಯೇ ಆಯಿತು.

ಅದು ನಾವು ಒಂದು ಅಂಕದಿಂದ ಸೋತ ಎರಡನೇ ಪಂದ್ಯ. ಮೂರನೇ ಕ್ವಾರ್ಟರಿನಲ್ಲಿ 31–24, ನಾವು ಮುಂದೆ. ಆಗ ಗೇಟಿನಲ್ಲಿ ಬಿಳಿ ಕಾರು ಬಂತು. ಮೈಕಿನಲ್ಲಿ ಆಟ ನಿಲ್ಲಿಸಲು ಹೇಳಿದರು. ಅಂಗಳದ ಮಧ್ಯೆ ಕುರ್ಚಿ ಹಾಕಿದರು. ಅತಿಥಿಗೆ ರುಮಾಲು ಸುತ್ತಿದರು, ಶಾಲು ಹೊದಿಸಿದರು, ತೆಂಗಿನಕಾಯಿ ಕೈಗಿಟ್ಟರು. ಅವರೊಂದಿಗೆ ಬಂದವರಿಗೆಲ್ಲ ಒಬ್ಬೊಬ್ಬರಾಗಿ ಸತ್ಕಾರ ಆಯಿತು. ಹೆಸರು ಕೂಗುವುದು, ಏಳುವುದು, ಫೋಟೊ, ಮತ್ತೆ ಹೆಸರು. ಅತಿಥಿಗಳು ಕಬಡ್ಡಿಯ ಮಹತ್ವದ ಬಗ್ಗೆ ಮಾತಾಡಿದರು. ನಾವು ಬೆವರು ಆರಿಸಿಕೊಂಡು ಸಾಲಾಗಿ ನಿಂತು ಚಪ್ಪಾಳೆ ಹೊಡೆದೆವು. ಮತ್ತೆ ಆಟಕ್ಕಿಳಿದಾಗ ಹೊತ್ತು ಮುಳುಗಿತ್ತು, ಮೈ ತಣ್ಣಗಾಗಿತ್ತು. ಕೊನೆಯಲ್ಲಿ ಶಿರಗುಪ್ಪಿಯವಳು ಮೀನಖಂಡ ಹಿಡಿದು ಕುಳಿತಳು. ಯಾರೋ ನೀರಿನ ಬಾಟಲಿ ಚಾಚಿದರು. ಅವಳು ತಲೆ ಅಲ್ಲಾಡಿಸಿದಳು. 46–47.

ನಮ್ಮ ಕಡೆ ಸತ್ಕಾರ ಬಿಟ್ಟು ಯಾವ ಕಾರ್ಯಕ್ರಮವೂ ಆಗುವುದಿಲ್ಲ, ಆಗಲಿ. ಆದರೆ ಆಡುವವರನ್ನು ನಿಲ್ಲಿಸಿ, ನೋಡಲು ಬಂದವರನ್ನು ಸನ್ಮಾನಿಸುವುದು ಯಾವ ಆಟ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಿನ್ನೆ ಸಂಜೆ ತಂಡದ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಬಂತು. ಅತಿಥಿಗಳಿಗೆ ಮಧ್ಯಾಹ್ನ ಬೇರೆ ಕಾರ್ಯಕ್ರಮ ಇರುವುದರಿಂದ ಪಂದ್ಯ ಏಳು ಗಂಟೆಗೆ. ಕೆಳಗೆ ಕೈ ಮುಗಿಯುವ ಚಿಹ್ನೆ. ನಾನು ಫೋನ್ ಹಿಡಿದುಕೊಂಡೇ ಕ್ರೀಡಾ ವಿಭಾಗದ ಸರ್ ಹತ್ತಿರ ಹೋದೆ.

"ಸರ, ಏಳಕ್ಕ ಮ್ಯಾಚ್ ಅಂದ್ರ ಆಕಿ ನೀರ ಕುಡ್ಯಂಗಿಲ್ರಿ."

"ಒಂದಿನಾ ಅಡ್ಜಸ್ಟ್ ಮಾಡ್ಕೊ ಅನ್ನವಾ ಆಕಿಗೆ."

"ಅದು ನೇಮ ಐತ್ರಿ ಸರ. ಅಡ್ಜಸ್ಟ್ ಮಾಡ್ಕೊಳ್ಳಾಕ ಏನ್ ಬಸ್ಸಿನ ಸೀಟ್ ಏನ್ರಿ?"

ಸರ್ ಕುರ್ಚಿಯಲ್ಲಿ ಹಿಂದೆ ಒರಗಿದರು. "ಹಂಗಾರ ಪಾವ್ಣ್ಯಾರಿಗೆ, ಅತಿಥಿಗಳಿಗೆ, ನಾ ಏನ್ ಹೇಳ್ಲಿ? ಹೊತ್ತ ಮುಳಗತೈತಿ, ಲಗೂನ ಬರ್ರಿ ಅನ್ಲ್ಯಾ?"

"ಅನ್ರಿ."

"ನೀ ಬಾಳ ಮಾತಾಡಾಕತ್ತಿ," ಅಂದರು. ಸರ್ ಕೆಟ್ಟವರಲ್ಲ. ಸ್ವಂತ ದುಡ್ಡಿನಲ್ಲಿ ನಮಗೆ ಬಾಳೆಹಣ್ಣು ತರುತ್ತಾರೆ. ಆದರೆ ದೊಡ್ಡವರ ಎದುರು ಬಾಯಿ ತೆರೆಯುವುದಿಲ್ಲ. ಅದು ನೆನಪಾದರೆ ಆ ಬಾಳೆಹಣ್ಣೂ ಕಹಿಯಾಗುತ್ತದೆ.

ಅಂಗಳಕ್ಕೆ ಹಿಂತಿರುಗಿ ತಂಡವನ್ನು ಸೇರಿಸಿದೆ. ಸಿಟ್ಟಿನಲ್ಲಿ ನನಗೊಂದು ವಿಚಾರ ಹೊಳೆದಿತ್ತು. ಅವಳು ಕುಡಿಯದಿದ್ದರೆ ನಾವ್ಯಾರೂ ಕುಡಿಯುವುದು ಬೇಡ. ಹತ್ತೂ ಜನ ಏಳರಿಂದ ಪಂದ್ಯ ಮುಗಿಯುವವರೆಗೆ ನೀರು ಮುಟ್ಟದೆ ಆಡೋಣ, ಅತಿಥಿಗಳು ನೋಡಲಿ. ಎಲ್ಲರೂ ಹ್ಞೂಂ ಅಂದರು. ಒಬ್ಬಳು ಆಗಲೇ ಬಾಟಲಿಯ ನೀರನ್ನು ನೆಲಕ್ಕೆ ಸುರಿದಳು.

ಶಿರಗುಪ್ಪಿಯವಳು ಶೂ ಬಿಚ್ಚುತ್ತಾ ಕುಳಿತಿದ್ದಳು. ಏನೇ ಆದರೂ "ಜಾವ್ ದೇ, ಬಿಡು" ಎಂದು ಮರಾಠಿ, ಕನ್ನಡ ಎರಡರಲ್ಲೂ ಸಮಾಧಾನ ಹೇಳುವವಳು ಅವಳು. ನಿನ್ನೆ ಹೇಳಲಿಲ್ಲ.

"ನೇಮ ಅಂದ್ರ ಚಾಷ್ಟಿ ಅನ್ಕೊಂಡೀಯೇನಬೇ?" ಅಂದಳು. "ನಾ ಯಾರಿಗ್ಯೂ ತೋರ್ಸಾಕ ನೀರ ಬಿಟ್ಟಿಲ್ಲ. ನೀ ತೋರ್ಸಾಕ ಬಿಡಾಕತ್ತಿ."

"ನಿನ್ನ ಸಲುವಾಗೇ ಲೇ."

"ನನ್ನ ಸಲುವಾಗಿ ನೀರ ಕುಡಿ. ಹತ್ತೂ ಮಂದಿ ಕಾಲ ಹಿಡ್ಕೊಂಡ ಕುಂತ್ರ ಚೆಂಡ ಯಾರಿಗೆ ಕೊಡ್ಲಿ, ಆ ಪಾವ್ಣ್ಯಾಗ?"

ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ, ಅವಳಿಗೂ ಬರಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು, ಅದರಿಂದ ಸಿಟ್ಟು ಇನ್ನಷ್ಟು ಏರಿತು. ಅವಳ ಮೇಲಲ್ಲ. ಬರುವವರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ನಾವು ನಾವೇ ಜಗಳ ಆಡುವಂತಾಯಿತಲ್ಲ ಎಂದು. ಅವಳು ಶೂ ಕೈಯಲ್ಲಿ ಹಿಡಿದು ಎದ್ದಳು. "ಮೂರೂವರಿಗೆ ಆದ್ರ ಆಡ್ತೀನಿ. ಏಳಕ್ಕಾದ್ರೂ ಆಡ್ತೀನಿ. ನನ್ನ ಹೆಸರ್ಲೆ ಗದ್ಲ ಮಾಡಬ್ಯಾಡ್ರಿ," ಅಂದು ಊಟಕ್ಕೆ ಹೋದಳು. ಬಿಸಿಲು ಇನ್ನೂ ಇತ್ತು.

ರಾತ್ರಿ ಎಂಟೂವರೆಗೆ ಅಥಣಿ ತಂಡದ ನಾಯಕಿಯ ಫೋನ್ ಬಂತು. ಅಂಗಳದಾಚೆ ನಾವು ಹೆಚ್ಚು ಮಾತಾಡಿದವರಲ್ಲ.

"ಏನವಾ ಚಿಕ್ಕೋಡಿ, ಅಳಾಕತ್ತೀಯೇನ?"

"ನೀವ ಮಾಡಿದ್ ಕೆಲಸಕ್ಕ ನಗಬೇಕಾಗಿತ್ತೇನ?"

"ನಾವೇನ್ ಮಾಡೇವಿ? ನಮಗೂ ಏಳಕ್ಕ ಬ್ಯಾಡ. ಮ್ಯಾಚ್ ಮುಗಿಯೂದ್ರಾಗ ನಮ್ಮೂರಿನ ಬಸ್ ಹೋಗಿರತೈತಿ. ನಮ್ಮ ಟೀಮಿನ ಅನಂತಪುರದಾಕಿಗಿ ಅವರಪ್ಪ ರಾತ್ರಿ ಮ್ಯಾಚಿಗೆ ಹೋಗಬ್ಯಾಡ ಅಂದಾನ. ನಮ್ಮ ಸರಗೆ ಹೇಳಿದ್ನಿ. ಅಡ್ಜಸ್ಟ್ ಮಾಡ್ಕೋರಿ ಅಂದ್ರು."

ಅದೇ ಮಾತು. ಇಬ್ಬರು ಸರ್‌ಗಳೂ ಒಂದೇ ಶಾಲೆಯಲ್ಲಿ ಕಲಿತಂತೆ. ಅವಳಲ್ಲೂ ಸಿಟ್ಟಿತ್ತು, ಧ್ವನಿಯಲ್ಲಿ ಕೇಳುತ್ತಿತ್ತು.

"ನಿಮ್ಮ ಶಿರಗುಪ್ಪಿಯಾಕಿ ಕಾಲ ಹಿಡ್ಕೊಂಡ ಕುಂತಾಗ ಗೆದ್ರ ನಮಗೇನ್ ರುಚಿ?" ಅಂದಳು. "ಹೋದ ವರ್ಷ ಹಂಗ ಗೆದ್ದೇವಿ, ಇನ್ನೂ ನಮ್ಮ ಊರಾಗ ಆಡ್ಕೋತಾರ. ಒಂದ ಕೆಲಸ ಮಾಡೂಣ. ಮೂರೂವರಿಗೆ ಎರಡೂ ಟೀಮ್ ಅಂಗಳಕ್ಕ ಇಳದಬಿಡೂಣ. ನೋಟಿಸ್ ಬೋರ್ಡ್ ಮ್ಯಾಲ ಟೈಮ್ ಅದ ಐತಿ, ಯಾರೂ ಅಳಿಸಿಲ್ಲ."

"ರೆಫರಿ?"

"ನಿಪ್ಪಾಣಿಯಾಂವ. ಮುಂಜಾನಿ ಬರ್ತಾನ. ಇಬ್ಬರೂ ಕ್ಯಾಪ್ಟನ್ ಅರ್ಜಿಗೆ ಸಹಿ ಮಾಡಿ ಕೊಟ್ರ ನೋಡ್ತೀನಿ ಅಂದಾನ. ಊದ್ತೀನಿ ಅಂದಿಲ್ಲ."

ನಾನು ಅರ್ಜಿ ಬರೆದಿದ್ದೇನೆ. ಬಸ್ಸಿನ ಕಾರಣ ಹಾಕಿದ್ದೇನೆ, ಬೆಳಕಿನ ಕಾರಣ ಹಾಕಿದ್ದೇನೆ. ಆ ಅಂಗಳದಲ್ಲಿ ಒಂದೇ ಬದಿಗೆ ಎರಡು ದೀಪ ಇವೆ, ಇನ್ನೊಂದು ಬದಿಯ ಬುಟ್ಟಿ ನೆರಳಲ್ಲಿರುತ್ತದೆ. ಶಿರಗುಪ್ಪಿಯವಳ ಬಗ್ಗೆ ಒಂದು ಅಕ್ಷರವೂ ಹಾಕಿಲ್ಲ. ಅಷ್ಟು ಅವಳು ಕೇಳಿಕೊಂಡಿದ್ದಾಳೆ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಕೊಳ್ಳಬಾರದೆಂದು ಹತ್ತು ಗಂಟೆಗೇ ಇಲ್ಲಿಂದ ಹೊರಡುತ್ತೇವೆ. ಸರ್ ಯಾಕಿಷ್ಟು ಬೇಗ ಎಂದು ಕೇಳಿದರು. ಅಂಗಳ ನೋಡಿಕೊಳ್ಳಬೇಕು ಅಂದೆ.

ಮೂರೂವರೆಗೆ ಆಡಿದರೆ ಯಾರು ಗೆಲ್ಲುತ್ತಾರೆ ಎಂದು ನನಗೆ ಗೊತ್ತಿಲ್ಲ, ನಾಲ್ಕು ಪಂದ್ಯಗಳ ಲೆಕ್ಕವೂ ಹೇಳುವುದಿಲ್ಲ. ಕೊಕಟನೂರಿನವಳನ್ನು ಬುಟ್ಟಿಯಿಂದ ದೂರ ಇಟ್ಟರೆ ನಾವು ಎರಡು ಅಂಕದಿಂದ ಗೆಲ್ಲಬಹುದು. ಇಡಲಾಗದಿದ್ದರೆ ಅಷ್ಟರಲ್ಲೇ ಸೋಲುತ್ತೇವೆ. ಆ ಸೋಲು ನಮ್ಮದು, ನಾನು ತೆಗೆದುಕೊಳ್ಳುತ್ತೇನೆ. ಏಳಕ್ಕೆ ಆಡಿದರೆ ಮಾತ್ರ ಗೊತ್ತಿದೆ. ಮೂರು ಕ್ವಾರ್ಟರ್ ಸಮಸಮ ನಡೆಯುತ್ತದೆ, ನಾಲ್ಕನೆಯದರಲ್ಲಿ ನಾನು ಅವಳನ್ನು ಬೆಂಚಿಗೆ ಕರೆಯಬೇಕಾಗುತ್ತದೆ. ಅವಳು ಬರಲು ಒಪ್ಪುವುದಿಲ್ಲ.

ನಿಯಮದ ಪುಸ್ತಕ ಸರ್ ಹತ್ತಿರ ಇಲ್ಲ. ಮೊಬೈಲಿನಲ್ಲಿ ಹುಡುಕಿದ್ದು ಆಟದೊಳಗಿನ ನಿಯಮ ಮಾತ್ರ ಹೇಳುತ್ತದೆ. ಕಾಲೇಜುಗಳ ಪಂದ್ಯದ ಹೊತ್ತನ್ನು ಹಿಂದಿನ ದಿನ ಬದಲಿಸುವ ಅಧಿಕಾರ ಯಾರಿಗಿದೆ, ಎರಡೂ ತಂಡ ಮೊದಲಿನ ಹೊತ್ತಿಗೇ ಅಂಗಳದಲ್ಲಿ ನಿಂತರೆ ರೆಫರಿ ಸೀಟಿ ಊದಬಹುದೇ, ಊದಿದರೆ ಆ ಫಲಿತಾಂಶ ನಿಲ್ಲುತ್ತದೆಯೇ ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಆಟ ನಿಲ್ಲಿಸಿ ಶಾಲು ಹೊದಿಸಲು ಒಪ್ಪದ ಯಾವುದಾದರೂ ತಂಡ ನಮಗಿಂತ ಮೊದಲು ಇದ್ದರೆ, ಅವರು ಏನು ಮಾಡಿದರು ಎಂಬುದನ್ನೂ ಬರೆಯಿರಿ. ಇವತ್ತಿಗೆ ತಡವಾದರೂ ಸರಿ, ನಮ್ಮ ನಂತರ ಆಡುವವರಿಗೆ ಬೇಕು.